ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಮಗುವಿನ ಹುಟ್ಟುಹಬ್ಬದ ಖರೀದಿ: ಡಜನ್ ಲೆಕ್ಕದ್ದು ತನ್ನಿ, ಮೈಗೆ ಹಾಕುವುದು ಬಿಡಿ

ಮೂರರಿಂದ ಏಳು ವರ್ಷದ ಮಗುವಿರುವ ಮುಂಬಯಿ ಮನೆಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಚರ್ಚೆ ಏಳುತ್ತದೆ: ಕ್ರಾಫರ್ಡಿಗೆ ಒಂದು ಸುತ್ತು ಹಾಕಿ ಬರೋಣವೇ, ಆ್ಯಪಿನಲ್ಲೇ ತರಿಸಿಬಿಡೋಣವೇ? ಕೃಷ್ಣಾಷ್ಟಮಿಗೆ ನವಿಲುಗರಿ, ಆಗಸ್ಟ್ 15ಕ್ಕೆ ದೇಶಭಕ್ತರ ವೇಷ, ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆ, ಡಿಸೆಂಬರಿನಲ್ಲಿ ಇಲ್ಲಿಯವರು 'ಗ್ಯಾದರಿಂಗ್' ಎನ್ನುವ ಶಾಲಾ ವಾರ್ಷಿಕೋತ್ಸವ. ಇವುಗಳ ನಡುವೆ ಎಲ್ಲೋ ಒಂದು ಕಡೆ ಹುಟ್ಟುಹಬ್ಬ ತೂರಿಕೊಂಡಿರುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಎಣಿಸಿ ಹಂಚುವ, ಕೆಡದ ಸಾಮಾನಿಗೆ ಕ್ರಾಫರ್ಡನ್ನು ಮೀರಿಸುವ ಜಾಗ ಈ ಊರಿನಲ್ಲಿಲ್ಲ. ಬಲೂನು, ತಟ್ಟೆ, ಪೆನ್ಸಿಲ್, ಡಬ್ಬಿ, ರಿಬ್ಬನ್ನುಗಳಿಗೆ ಹತ್ತಕ್ಕೆ ಒಂಬತ್ತು. ಮಗುವಿನ ಮೈಗೆ ತಾಗುವ ಸಿದ್ಧ ವೇಷಭೂಷಣಕ್ಕೆ ಹತ್ತಕ್ಕೆ ನಾಲ್ಕು. ತಣ್ಣಗೇ ಇರಬೇಕಾದ ಕ್ರೀಮು, ಕೇಕಿನ ಸಾಮಾನು ನಿಮ್ಮ ಮನೆ ಎಷ್ಟು ದೂರ ಎಂಬುದರ ಮೇಲೆ. ಪರಳ್, ಬೈಕುಳದವರು ಧಾರಾಳವಾಗಿ ತರಬಹುದು, ಡೊಂಬಿವಲಿಯವರು ಬೇಡ.

ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಫಲಕದ ಮೇಲೆ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ ಎಂದಿದ್ದರೂ ಟ್ಯಾಕ್ಸಿಯವನಿಗೆ 'ಕ್ರಾಫರ್ಡ್' ಎಂದರೆ ಸಾಕು. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ, ಪೊಲೀಸ್ ಕಮಿಷನರ್ ಕಚೇರಿಯ ಎದುರು. ಪಶ್ಚಿಮ ರೈಲ್ವೆಯವರು ಮರೀನ್ ಲೈನ್ಸಿನಲ್ಲಿ ಇಳಿದು ನಡೆಯಬಹುದು. 2025ರ ಅಕ್ಟೋಬರಿನಿಂದ ಮೂರನೇ ಮೆಟ್ರೋ ಮಾರ್ಗ ಇಲ್ಲಿಯವರೆಗೂ ಬಂದಿರುವುದರಿಂದ ಅಂಧೇರಿ ಕಡೆಯವರಿಗೂ ಸುಲಭ. 1869ರಲ್ಲಿ ಕಟ್ಟಿದ ಈ ಮಂಡಿಯ ಬಾಗಿಲಿನ ಮೇಲಿರುವ ರೈತರ ಕಲ್ಲಿನ ಕೆತ್ತನೆ ಲಾಕ್‌ವುಡ್ ಕಿಪ್ಲಿಂಗ್ ಅವರ ವಿನ್ಯಾಸ. ಜನ ತಲೆಯೆತ್ತಿ ನೋಡುವುದೇ ಇಲ್ಲ, ನೋಡಲು ನಿಂತರೆ ಹಿಂದಿನಿಂದ ಕೈಗಾಡಿ ಬಂದು ಗುದ್ದುತ್ತದೆ.

'ಕ್ರಾಫರ್ಡ್' ಎಂದಾಗ ಜನರ ಬಾಯಲ್ಲಿರುವುದು ಬರೀ ಆ ಕಟ್ಟಡವಲ್ಲ, ಸುತ್ತಲಿನ ಗಲ್ಲಿಗಳೂ ಸೇರಿ. ಕಟ್ಟಡದೊಳಗೆ ಹಣ್ಣು, ಒಣಹಣ್ಣು, ವಿದೇಶಿ ಚಾಕೊಲೇಟು. ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸ್ಟೇಷನರಿ, ಗಿಫ್ಟು, ಪಾರ್ಟಿ ಸಾಮಾನು. ಬಟ್ಟೆಗೆ ಮಂಗಳದಾಸ್ ಮಾರ್ಕೆಟ್, ದೀಪದ ಸರಕ್ಕೆ ಲೋಹಾರ್ ಚಾಳ್, ಪಾತ್ರೆಗೆ ಪಾಯಧುನಿಯ ತಾಂಬಾ ಕಾಂಟಾ. ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ ತಲುಪಿ. ಅದಕ್ಕೆ ಮೊದಲು ಸಗಟು ಅಂಗಡಿಯವರು ಧೂಪ ಹಾಕುತ್ತಿರುತ್ತಾರೆ, ಬೋಣಿಯಾಗದೆ ಚೌಕಾಸಿಗೆ ಬಾಯಿ ತೆರೆಯುವುದಿಲ್ಲ. ಭಾನುವಾರವನ್ನು ನಂಬಿ ಹೋಗಬೇಡಿ. ದೀಪಾವಳಿಗೆ ಮೊದಲಿನ ಎರಡು ವಾರ ಹಾಗೂ ಕ್ರಿಸ್ಮಸ್ ವಾರದಲ್ಲಿ ಮಗುವನ್ನು ಕರೆದುಕೊಂಡು ಹೋಗುವ ಯೋಚನೆಯನ್ನೇ ಬಿಡಿ. ದರ ಇಲ್ಲಿ ಬರೆಯುವುದಿಲ್ಲ, ಸೀಸನ್ನಿಗೊಂದು, ಅಂಗಡಿಗೊಂದು. ಒಂದು ಉಪಾಯ ಮಾತ್ರ ಗೊತ್ತಿರಲಿ: 'ಒಂದಕ್ಕೆ ಎಷ್ಟು' ಎಂದು ಕೇಳಬೇಡಿ, 'ಡಜನ್ ಕ್ಯಾ ಭಾವ್' ಎಂದು ಕೇಳಿ. ಮೊದಲ ಪ್ರಶ್ನೆ ಕೇಳಿದವರು ಚಿಲ್ಲರೆ ಗಿರಾಕಿಗಳು, ಅವರ ದರವೇ ಬೇರೆ.

ಈಗ ಬಲೂನು. ಪ್ಯಾಕೆಟ್ಟಿನ ಮೇಲಿನ ಇಂಚು ಬಲೂನು ತಡೆಯುವ ಗರಿಷ್ಠ ಅಳತೆ, ನೀವು ಊದಬೇಕಾದ ಅಳತೆ ಅಲ್ಲ. ಹತ್ತು ಇಂಚಿನದನ್ನು ಒಂಬತ್ತಕ್ಕೇ ನಿಲ್ಲಿಸಬೇಕು. ಬಲೂನು ಪೇರಳೆಕಾಯಿಯಂತೆ ಕುತ್ತಿಗೆ ಚಾಚಿತೆಂದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಮಧ್ಯಾಹ್ನದ ಸೆಕೆಗೆ ಒಳಗಿನ ಗಾಳಿ ಹಿಗ್ಗಿದಾಗ ಮೊದಲು ಒಡೆಯುವುದು ಅದೇ. ಸರಿಯಾಗಿ ಊದಿದ್ದು ಗುಂಡಗಿರುತ್ತದೆ, ಬೆರಳಿನಿಂದ ಒತ್ತಿದರೆ ಸ್ವಲ್ಪ ಬಗ್ಗುತ್ತದೆ. ಎಲ್ಲವೂ ಒಂದೇ ಗಾತ್ರದಲ್ಲಿ ಬರಬೇಕಾದರೆ ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಒಂಬತ್ತು ಇಂಚಿನ ದುಂಡು ರಂಧ್ರ ಕೊರೆದುಕೊಳ್ಳಿ. ಊದಿದ ಬಲೂನನ್ನು ಅದಕ್ಕೆ ತೂರಿಸಿ, ಅಂಚಿಗೆ ತಾಗಿದರೆ ಗಾಳಿ ಬಿಡಿ, ಸಡಿಲವಿದ್ದರೆ ಇನ್ನೆರಡು ಪಂಪು. ಅಲಂಕಾರದವರು ಮಾಡುವುದೂ ಇದನ್ನೇ.

ಹತ್ತು ಅಡಿ ಉದ್ದದ ಕಮಾನಿಗೆ ನೂರರಿಂದ ನೂರಿಪ್ಪತ್ತು ಬಲೂನು ಬೇಕು. ಎರಡೆರಡು ಬಲೂನಿನ ಬಾಲ ಗಂಟು ಹಾಕಿ ಜೋಡಿ ಮಾಡಿ, ಎರಡು ಜೋಡಿಯನ್ನು ಅಡ್ಡಡ್ಡ ಇಟ್ಟು ತಿರುಚಿದರೆ ನಾಲ್ಕರ ಗೊಂಚಲು. ಇಂಥ ಇಪ್ಪತ್ತೈದರಿಂದ ಮೂವತ್ತು ಗೊಂಚಲನ್ನು ಮೀನಿನ ಗಾಳದ ದಾರಕ್ಕೆ ಒಂದೊಂದಾಗಿ ಸುತ್ತುತ್ತಾ ಒತ್ತೊತ್ತಾಗಿ ಸರಿಸಬೇಕು. ಸಂದು ಕಂಡಲ್ಲಿ ಐದು ಇಂಚಿನ ಪುಟ್ಟ ಬಲೂನು ಅಂಟಿಸಿದರೆ ದಾರ ಮುಚ್ಚಿಹೋಗುತ್ತದೆ. ತೂತಿರುವ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ, ಸಲೀಸು ಅನ್ನಿಸುತ್ತದೆ. ಆದರೆ ಭಾರಕ್ಕೆ ಅದು ಹೊರಳಿಕೊಂಡು ಬಲೂನಿನ ಬಾಲಗಳೆಲ್ಲ ಎದುರಿಗೇ ಬಂದು ಕೂರುತ್ತವೆ. ಗಾಳದ ದಾರವೇ ವಾಸಿ. ಒಡೆಯುವುದು, ಬಣ್ಣ ಸರಿಯಿಲ್ಲದ್ದು, ಬಾಯಿ ಹರಿದದ್ದು ಎಂದು ನೂರಕ್ಕೆ ಹದಿನೈದು ಹೆಚ್ಚಿಗೆ ತನ್ನಿ. ಎರಡೂ ದಿಕ್ಕಿನಲ್ಲಿ ಗಾಳಿ ತುಂಬುವ ಕೈಪಂಪು ಒಂದಲ್ಲ, ಎರಡು ತೆಗೆದುಕೊಳ್ಳಿ. ಒಂದು ನಡುವೆ ಕೈಕೊಟ್ಟೇ ಕೊಡುತ್ತದೆ.

ಬರೀ ಗಾಳಿ ತುಂಬಿದ್ದನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟರೆ ಏನೂ ಆಗುವುದಿಲ್ಲ. ಬಾಲ್ಕನಿಯಲ್ಲಿ, ಬಿಸಿಲಿನಲ್ಲಿ ಕಟ್ಟಿದರೆ ಮಾತ್ರ ಕೆಲವೇ ಗಂಟೆಗಳಲ್ಲಿ ಹೊಳಪು ಹೋಗಿ ಬೂದಿ ಬಳಿದಂತೆ ಮಂಕಾಗುತ್ತದೆ. ರಬ್ಬರಿನ ಗುಣವೇ ಅದು, ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಬಾಡಿಗೆ ಮನೆಯಾದರೆ ಗೋಡೆಗೆ ಸೆಲ್ಲೋಟೇಪ್ ಬೇಡ. ಡಿಸ್ಟೆಂಪರ್ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ, ಡಿಪಾಜಿಟ್ ಅದರ ಜೊತೆಗೇ ಹೋಗುತ್ತದೆ. ಕಿಟಕಿಯ ಗ್ರಿಲ್ಲು, ಪರದೆಯ ಸರಳು ಇರುವಾಗ ಗೋಡೆಯ ತಂಟೆ ಯಾಕೆ?

ಬೆಳ್ಳಿ, ಚಿನ್ನದ ಬಣ್ಣದ ಫಾಯಿಲ್ ಅಂಕಿಗಳಲ್ಲಿ ಒಂದು ಮರ್ಮವಿದೆ. ಹದಿನಾರು ಇಂಚಿನದು ಹೀಲಿಯಂ ತುಂಬಿದರೂ ತೇಲುವುದಿಲ್ಲ. ತನ್ನ ತೂಕ ಎತ್ತುವಷ್ಟು ಅನಿಲ ಅದರೊಳಗೆ ಹಿಡಿಸುವುದೇ ಇಲ್ಲ. ತೇಲಬೇಕಾದರೆ ಮೂವತ್ತೆರಡು ಅಥವಾ ನಲವತ್ತು ಇಂಚಿನದು ಬೇಕು. ಎಸಿ ಕೋಣೆಯಲ್ಲಿ ಬಿಗಿಯಾಗಿ ತುಂಬಿಸಿ ಬಿಸಿಲಿಗೆ ತಂದರೆ ಹೊಲಿಗೆಯ ಕಡೆ ಬಿರಿಯುತ್ತದೆ, ಆದ್ದರಿಂದ ಅಂಚಿನಲ್ಲಿ ಸ್ವಲ್ಪ ಸುಕ್ಕು ಉಳಿಯಲಿ. ರಬ್ಬರ್ ಬಲೂನಿನಲ್ಲಿ ಹೀಲಿಯಂ ನಿಲ್ಲುವುದು ಅರ್ಧ ದಿನ, ಹೆಚ್ಚೆಂದರೆ ಮುಕ್ಕಾಲು ದಿನ. ಸಂಜೆ ಆರರ ಪಾರ್ಟಿಗೆ ಮಧ್ಯಾಹ್ನ ಎರಡರ ಮೇಲೆ ತುಂಬಿಸಿ. ಕ್ರಾಫರ್ಡಿನಲ್ಲಿ ತುಂಬಿಸಿಕೊಂಡು ಲೋಕಲ್ ಹತ್ತುವ ಸಾಹಸವಂತೂ ಬೇಡವೇ ಬೇಡ.

ಅನಿಲದ ವಿಷಯದಲ್ಲಿ ತಮಾಷೆ ಸಲ್ಲ. ಬೀದಿಬದಿಯಲ್ಲಿ ಅಗ್ಗಕ್ಕೆ ತೇಲುವ ಬಲೂನು ಕೊಟ್ಟರೆ ಅದರಲ್ಲಿ ಹೀಲಿಯಂ ಇರುವುದಿಲ್ಲ, ಹೈಡ್ರೋಜನ್ ಇರುತ್ತದೆ. ಕಾಸ್ಟಿಕ್ ಸೋಡಾಕ್ಕೆ ಅಲ್ಯುಮಿನಿಯಂ ಚೂರು ಹಾಕಿ ಕಬ್ಬಿಣದ ಸಿಲಿಂಡರಿನೊಳಗೆ ಅಲ್ಲೇ ತಯಾರಿಸುತ್ತಾರೆ. ಒಂದು ಕಿಡಿ ಸಾಕು, ಗೊಂಚಲಿಗೆ ಗೊಂಚಲೇ ಬೆಂಕಿಯ ಉಂಡೆ. ಕೇಕಿನ ಮೇಲೆ ಮೇಣದ ಬತ್ತಿ, ಪಕ್ಕದಲ್ಲೇ ಸುರ್‌ಸುರ್ ಬತ್ತಿ, ಅದರ ಮೇಲ್ಗಡೆ ಈ ಬಲೂನು, ಸುತ್ತ ಹತ್ತು ಮಕ್ಕಳು! ಇದೇ ಸಾಲಿಗೆ ಸೇರುವುದು ಡಬ್ಬಿಯಿಂದ ಚಿಮ್ಮಿಸುವ 'ಸ್ನೋ ಸ್ಪ್ರೇ'. ನೊರೆಯನ್ನು ಹೊರತಳ್ಳುವುದು ಹೊತ್ತಿಕೊಳ್ಳುವ ಅನಿಲ. ಮೇಣದ ಬತ್ತಿ ಆರುವ ಮುಂಚೆ ಹಾರಿಸಿದರೆ ಕೂದಲಿಗೇ ಬೆಂಕಿ. ಡಬ್ಬಿಯ ಮೇಲೆ ಜ್ವಾಲೆಯ ಚಿತ್ರ ಹಾಕಿರುತ್ತಾರೆ, ನೋಡುವವರಿಲ್ಲ. ಊದಿದರೂ ಮತ್ತೆ ಹೊತ್ತುವ ಮಾಯಾ ಬತ್ತಿ ತಂದರೆ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲೇ ಅದ್ದಿ ಆರಿಸಿ, ನೇರ ಕಸದ ಬುಟ್ಟಿಗಲ್ಲ. ಒಡೆದ ಬಲೂನಿನ ಚೂರನ್ನು ಕೂಡಲೇ ಗುಡಿಸಿ. ಎಂಟು ವರ್ಷದ ಒಳಗಿನ ಮಕ್ಕಳು ಅದನ್ನು ಬಾಯಿಗೆಳೆದುಕೊಂಡು ಉಸಿರುಗಟ್ಟುವುದುಂಟು.

ಕ್ರೇಪ್ ಕಾಗದದ ತೋರಣ, ಟಿಷ್ಯೂ ಕಾಗದದ ಹೂವಿನ ಉಂಡೆ ನವೆಂಬರಿನಿಂದ ಮೇವರೆಗೆ ಚೆನ್ನ. ಜುಲೈ, ಆಗಸ್ಟಿನಲ್ಲಿ ಹುಟ್ಟಿದ ಮಕ್ಕಳ ನಸೀಬಿನಲ್ಲಿ ಅವಿಲ್ಲ. ಮಳೆಗಾಲದ ತೇವಕ್ಕೆ ಟಿಷ್ಯೂ ಸೊರಗಿ ಜೋತು ಬೀಳುತ್ತದೆ, ಕೆಂಪು ಕ್ರೇಪು ಒದ್ದೆ ಗೋಡೆಗೆ ತಾಗಿ ಬಣ್ಣ ಬಿಡುತ್ತದೆ. ಆಗ ಬಟ್ಟೆಯ ಬಾವುಟದ ತೋರಣವೇ ಗತಿ, ಅದು ತೊಳೆದಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.

ಇಡೀ ಕ್ರಾಫರ್ಡ್ ಜಾಲಾಡಿದರೂ ಸಿಗದ ಒಂದೇ ವಸ್ತು ಕನ್ನಡದ ಬ್ಯಾನರು. ಮರಾಠಿಯದು ಸಿಗುತ್ತದೆ, ಇಂಗ್ಲಿಷಿನದು ರಾಶಿ ಬಿದ್ದಿರುತ್ತದೆ. 'ಹುಟ್ಟುಹಬ್ಬದ ಶುಭಾಶಯಗಳು' ಎಂದರೆ ಹನ್ನೊಂದು ಅಕ್ಷರ, ಮೊದಲ ಪದಕ್ಕೆ ಐದು, ಎರಡನೆಯದಕ್ಕೆ ಆರು. ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಮುನ್ನೂರು ಜಿಎಸ್‌ಎಂ ದಪ್ಪದ ಬಣ್ಣದ ಕಾರ್ಡ್ ಶೀಟು ಆರು ತೆಗೆದುಕೊಂಡು ಎ4 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿದರೆ ಹನ್ನೆರಡು ತುಂಡು; ಒಂದು ಉಳಿಯುತ್ತದೆ, ತಪ್ಪಿದರೆ ಇರಲಿ. ತುಂಡನ್ನು ನಿಲುವಾಗಿಯೇ ಹಿಡಿದು ಬರೆಯಿರಿ, ಯಾಕೆಂದರೆ ಟ್ಟು, ಬ್ಬ ಎರಡಕ್ಕೂ ಕೆಳಗೆ ಒತ್ತು ಬರುತ್ತದೆ. ಎಲ್ಲ ಅಕ್ಷರದ ತಲೆಕಟ್ಟೂ ಒಂದೇ ಗೆರೆಗೆ ಬರಬೇಕು, ಒತ್ತಿಗೆ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಟ್ಟಿರಬೇಕು. ಹಾಳೆಯ ನಡುಮಧ್ಯಕ್ಕೆ ಅಕ್ಷರ ಕೂರಿಸಿದರೆ ಒತ್ತು ಅಂಚಿಗೆ ಬಡಿದು 'ಹುಟುಹಬದ' ಆಗುತ್ತದೆ. ಮೇಲಿನ ಎರಡು ಮೂಲೆಗೆ ಪಂಚ್ ಮಾಡಿ ದಾರವನ್ನು ಹಿಂದಿನಿಂದ ಹಾಯಿಸಿ. ಮುಂದಿನಿಂದ ಹಾಯಿಸಿದರೆ ತಲೆಕಟ್ಟನ್ನೇ ಕತ್ತರಿಸಿದಂತೆ ಕಾಣುತ್ತದೆ.

ತಟ್ಟೆ ಲೋಟದ ಅಂಗಡಿಗೆ ಹೋಗುವ ಮುಂಚೆ ಕಾನೂನು ತಿಳಿದಿರಲಿ. ಮಹಾರಾಷ್ಟ್ರದಲ್ಲಿ 2018ರಿಂದ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಕೈಚೀಲ ನಿಷೇಧ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸುವ ನಿಷೇಧದಲ್ಲಿ ಪ್ಲಾಸ್ಟಿಕ್ ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್, ಸಿಹಿ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಎಲ್ಲ ಬಂದವು. ಬಟ್ಟೆಯ ಚೀಲ ಎರಡು ಮಡಚಿ ಒಯ್ಯಿರಿ. ತಟ್ಟೆಗೆ ಅಡಿಕೆ ಹಾಳೆಯದೇ ಸೈ: ಊಟಕ್ಕೆ ಹತ್ತು ಇಂಚು, ಕೇಕಿಗೆ ಆರು ಇಂಚು. ನಮ್ಮ ಕರಾವಳಿ, ಮಲೆನಾಡಿನ ಹಾಳೆ ಇಲ್ಲಿ 'ಇಕೋ ಫ್ರೆಂಡ್ಲಿ' ಎಂಬ ಹೆಸರು ಹೊತ್ತು ಬಂದಿರುತ್ತದೆ, ಅಷ್ಟೇ. ಕಟ್ಟು ಬಿಚ್ಚಿಸಿ ಮೂಸಿ ನೋಡಿ. ಮುಗ್ಗಲು ವಾಸನೆ, ಕಪ್ಪು ಚುಕ್ಕೆ ಇದ್ದರೆ ಗೋದಾಮಿನಲ್ಲಿ ಮಳೆ ಕಂಡ ಸರಕು.

ಶಾಲೆಯಲ್ಲಿ ಹಂಚುವುದಕ್ಕೆ ಮೊದಲು ಶಾಲೆಯ ಸುತ್ತೋಲೆ ಓದಿ. ಕೇಕು, ಚಾಕೊಲೇಟು, ಗಿಫ್ಟು ಮೂರನ್ನೂ ಬೇಡವೆನ್ನುವ ಶಾಲೆಗಳು ಈಗ ಸಾಕಷ್ಟಿವೆ. ಅನುಮತಿ ಇದ್ದರೆ ಲೆಕ್ಕ ಹೀಗೆ: ತರಗತಿಯ ಹಾಜರಿ, ಜೊತೆಗೆ ಟೀಚರ್ ಇಬ್ಬರು, ಮಾವಶಿ ಎಂದು ಕರೆಯುವ ಆಯಾ ಇಬ್ಬರು, ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ 'ತಾಈ' ಒಬ್ಬರು, ಡ್ರೈವರ್ ಒಬ್ಬರು. ಮೂವತ್ತೈದು ಮಕ್ಕಳಿದ್ದರೆ ನಲವತ್ತೆರಡು ತೆಗೆದುಕೊಳ್ಳಿ, ಕೊನೆಯದೊಂದು ಹುಟ್ಟುಹಬ್ಬದ ಮಗುವಿಗೇ. ತನ್ನದೇ ಹುಟ್ಟುಹಬ್ಬದ ಪೆನ್ಸಿಲ್ ತನಗೇ ಇಲ್ಲ ಎಂದರೆ ಯಾವ ಮಗು ಸುಮ್ಮನಿರುತ್ತದೆ?

ಆಟಿಕೆಯಾದರೆ ಐಎಸ್‌ಐ ಗುರುತು ನೋಡಿಯೇ ತೆಗೆದುಕೊಳ್ಳಿ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗೆ ಅದು ಕಡ್ಡಾಯ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಮಿನುಗುವ ಉಂಗುರ, ಬೆಳಗುವ ಬಲೂನು, ಹಾಡುವ ಮೇಣದ ಬತ್ತಿ ಇವುಗಳಲ್ಲೆಲ್ಲ ಇರುವುದು ಬಟನ್ ಸೆಲ್. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಸೆಲ್ ಇಟ್ಟ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಕೆಳಗಿಡಿ. ಹಣ್ಣಿನ ವಾಸನೆಯ ರಬ್ಬರೂ ನಮ್ಮ ಪಟ್ಟಿಯಲ್ಲಿಲ್ಲ. ಸ್ಟ್ರಾಬೆರಿಯಂತೆ ಕಾಣುತ್ತದೆ, ಸ್ಟ್ರಾಬೆರಿಯಂತೆ ಮೂಗಿಗೆ ಬಡಿಯುತ್ತದೆ, ನಾಲ್ಕು ವರ್ಷದ ಮಗು ಕಚ್ಚಿಯೇ ಕಚ್ಚುತ್ತದೆ.

ನಮ್ಮನ್ನು ಕೇಳಿದರೆ ತಾಂಬಾ ಕಾಂಟಾದವರೆಗೆ ನಡೆದು ಅಂಗೈಯಗಲದ ಸ್ಟೀಲ್ ಡಬ್ಬಿ ತನ್ನಿ. ಹಣ್ಣಿನ ಹೋಳು ತುಂಬಿ ಶಾಲೆಗೆ ಒಯ್ಯಲು ವರ್ಷಗಟ್ಟಲೆ ಬರುತ್ತದೆ, ಒಡೆಯುವುದಿಲ್ಲ, ತಾಯಂದಿರು ಮೆಚ್ಚುತ್ತಾರೆ. ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿ ನೋಡಿ. ದೊಡ್ಡವರ ಕೈಗೇ ಬಿಗಿಯಾದರೆ ಮಗುವಿನ ಕೈಗೆ ಬೀಗ. ಅಂಚಿನ ಸುತ್ತ ಬೆರಳಾಡಿಸಿ, ಮಡಿಚಿರದ ಅಂಚು ಕೊಯ್ಯುತ್ತದೆ. ಹೆಸರು ಕೊರೆಯುವವರು ಅಲ್ಲೇ ಇರುತ್ತಾರೆ. ಕನ್ನಡದಲ್ಲಿ ಬೇಕಾದರೆ ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಡಿ, ಯಂತ್ರದ ಸೂಜಿ ಹಿಡಿದ ಮನುಷ್ಯ ಅದನ್ನು ಚಿತ್ರದಂತೆ ನೋಡಿ ಕೊರೆಯುತ್ತಾನೆ. ಮಗುವಿನ ಹೆಸರು ಕಮಲ, ರಮಣ ಆದರೆ ಚಿಂತೆಯಿಲ್ಲ. ಶ್ರೀಕೃಷ್ಣ ಆದರೆ ಮೊದಲ ಡಬ್ಬಿಯನ್ನು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಉಳಿದದ್ದಕ್ಕೆ ಕೈ ಹಚ್ಚಿಸಿ.

ತಿಂಡಿಯ ಅಂಗಡಿಗಳ ಮುಂದೆ ಕಣ್ಣು ತಣಿಯುತ್ತದೆ, ಅಲ್ಲೇ ತುಸು ಹುಷಾರು. ವಿದೇಶಿ ಚಾಕೊಲೇಟಿನ ಡಬ್ಬಿಯ ಮೇಲೆ ಆಮದುದಾರನ ಹೆಸರು, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅವಧಿ ಮುಗಿಯುವ ದಿನ ಮೂರೂ ಇರಬೇಕು. ಮೇಲೆ ಬಿಳಿ ಪುಡಿ ಕಂಡರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು. ವಿಷವಲ್ಲ, ಆದರೆ ಉಡುಗೊರೆಗೆ ಲಾಯಕ್ಕಲ್ಲ. ಮಾರ್ಷ್‌ಮೆಲೋ, ಜೆಲ್ಲಿ ಕರಡಿಗಳಲ್ಲಿ ಬಹುಪಾಲು ಜೆಲಾಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಸಸ್ಯಾಹಾರಿ ಮನೆಗಳ ಮಕ್ಕಳಿಗೆ ಹಂಚುವಾಗ ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ಎಂದು ನೋಡುವುದು ಮರ್ಯಾದೆಯ ಪ್ರಶ್ನೆ. ಕಡಲೆಬೀಜ, ಬಾದಾಮಿ ಆಗದ ಮಕ್ಕಳಿದ್ದಾರೆಯೇ ಎಂದು ಟೀಚರನ್ನು ಮೊದಲೇ ಕೇಳಿಕೊಳ್ಳಿ.

ಕೇಕನ್ನು ಮನೆಯಲ್ಲೇ ಮಾಡುವವರಿಗೆ ಅಚ್ಚು, ನಳಿಕೆ, ರಟ್ಟಿನ ತಳ, ಪೆಟ್ಟಿಗೆಗಳಿಗೆ ಇದು ಸ್ವರ್ಗ. ಅರ್ಧ ಕಿಲೋಗೆ ಆರು ಇಂಚಿನ ಅಚ್ಚು, ಒಂದು ಕಿಲೋಗೆ ಎಂಟು ಇಂಚಿನದು. ಒಂದು ಕಿಲೋ ಹತ್ತು ಹನ್ನೆರಡು ಜನಕ್ಕೆ. ಮಕ್ಕಳು ಕ್ರೀಮು ನೆಕ್ಕಿ ಉಳಿದದ್ದನ್ನು ಬಿಡುವುದರಿಂದ ಅವರ ಲೆಕ್ಕಕ್ಕೆ ಇನ್ನೂ ಮೂರು ನಾಲ್ಕು ಸೇರಿಸಿ. ಮೇ ತಿಂಗಳ ಮುಂಬಯಿಗೆ ಕೋಕೋ ಬೆಣ್ಣೆಯ ಅಸಲಿ ಕೂವರ್ಚರ್ ಚಾಕೊಲೇಟು ಹೇಳಿ ಮಾಡಿಸಿದ್ದಲ್ಲ. ಅದನ್ನು ಮೂವತ್ತೊಂದು ಮೂವತ್ತೆರಡು ಡಿಗ್ರಿಗೆ ಹದಮಾಡಬೇಕು, ಅಡುಗೆಮನೆಯೇ ಅದಕ್ಕಿಂತ ಬಿಸಿ ಇರುತ್ತದೆ. ಬೇರೆ ಸಸ್ಯಕೊಬ್ಬು ಹಾಕಿದ ಕಾಂಪೌಂಡ್ ಚಾಕೊಲೇಟಿಗೆ ಆ ತಂಟೆಯಿಲ್ಲ. ಫಾಂಡೆಂಟ್ ಎಂಬ ಸಕ್ಕರೆ ಕಣಕ ಹೊದಿಸಿದ ಕೇಕನ್ನು ಫ್ರಿಜ್ಜಿನಿಂದ ತೆಗೆದು ಮಳೆಗಾಲದ ಗಾಳಿಗೆ ಇಟ್ಟರೆ ಬೆವರಿ ಅಂಟಂಟಾಗುತ್ತದೆ. ಸಕ್ಕರೆ ಹಾಳೆಯ ಮೇಲಿನ ಫೋಟೋ ಹಸಿ ಕ್ರೀಮಿನ ಮೇಲೆ ಬಣ್ಣ ಬಿಡುತ್ತದೆ, ಕೊನೆಯ ಒಂದು ಗಂಟೆಯಲ್ಲಿ ಮಾತ್ರ ಅಂಟಿಸಿ. ಡಬ್ಬಿಯ ಹಾಲುರಹಿತ ಕ್ರೀಮು ಅಂಗಡಿಯಲ್ಲಿ ಕಲ್ಲಿನಂತೆ ಗಡ್ಡೆ ಕಟ್ಟಿರುತ್ತದೆ, ಕಲ್ಯಾಣ ತಲುಪುವಷ್ಟರಲ್ಲಿ ನೀರು. ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಿದರೆ ಸರಿಯಾಗಿ ನೊರೆ ಬರುವುದಿಲ್ಲ. ಅದನ್ನು ನಿಮ್ಮ ಬಡಾವಣೆಯಲ್ಲೇ ಕೊಳ್ಳಿ.

ಇನ್ನು ವೇಷಭೂಷಣ, ಹತ್ತಕ್ಕೆ ನಾಲ್ಕು ಕೊಟ್ಟ ಬಾಬತ್ತು. ಗಲ್ಲಿಗಳಲ್ಲಿ ತೂಗುಹಾಕಿದ ಸಿದ್ಧ ಸೆಟ್ಟುಗಳು ತೆಳು ಪಾಲಿಯೆಸ್ಟರು. ಜರಿಯ ಹಿಂಬದಿ ಮರಳುಕಾಗದದಂತೆ ಉಜ್ಜುತ್ತದೆ, ಹಿಂದೆ ಕಟ್ಟಲು ಎರಡು ದಾರ, ಅಷ್ಟೇ. ಒಳಗೆ ಹತ್ತಿಯ ಬನಿಯನ್ ಹಾಕದೆ ತೊಡಿಸಿದರೆ ಮಗು ವೇದಿಕೆಯ ಮೇಲೆ ಮಾತು ಮರೆತು ಕತ್ತು ಕೆರೆಯುತ್ತಾ ನಿಲ್ಲುತ್ತದೆ. ವಯಸ್ಸಿನ ಲೆಕ್ಕದಲ್ಲಿ ಸೈಜು ಕೊಡುತ್ತಾರೆ, ಅದನ್ನು ನಂಬಬೇಡಿ. ಭುಜದಿಂದ ಹಿಮ್ಮಡಿಗಂಟಿನವರೆಗಿನ ಉದ್ದ, ಎದೆ, ತಲೆಯ ಸುತ್ತಳತೆ ಮೂರನ್ನೂ ಸೆಂಟಿಮೀಟರಿನಲ್ಲಿ ಬರೆದೊಯ್ದು ಟೇಪು ಹಿಡಿದು ಅಳೆಯಿರಿ. ಬಾಡಿಗೆಗೆ ತರುವುದಾದರೆ ಠೇವಣಿ ಎಷ್ಟು, ಹಿಂತಿರುಗಿಸಲು ತಡವಾದರೆ ಇನ್ನೊಂದು ದಿನದ ಬಾಡಿಗೆಯೇ, ಕಲೆಯಾದರೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಕೂಡಲೇ ಫೋಟೋ ತೆಗೆದಿಡಿ, ಹರಿದ ಜಾಗ ಮೊದಲೇ ಹರಿದಿತ್ತು ಎನ್ನಲು ಸಾಕ್ಷಿ ಬೇಕಲ್ಲ.

ಕನ್ನಡಿಗರಿಗೆ ಇನ್ನೊಂದು ತೊಡಕು. 'ಕಿತ್ತೂರು ಚೆನ್ನಮ್ಮ' ಎಂದರೆ ಅಂಗಡಿಯವನು 'ರಾಣಿ ಸೆಟ್' ತೆಗೆದು ಚೆಲ್ಲುತ್ತಾನೆ, ಅದು ಝಾನ್ಸಿ ರಾಣಿಯದು. ಚೆನ್ನಮ್ಮ ಕಂಪನಿ ಸೈನ್ಯವನ್ನು ಎದುರಿಸಿದ್ದು 1824ರಲ್ಲಿ, ಝಾನ್ಸಿಯ ದಂಗೆಗೆ ಮೂವತ್ತಮೂರು ವರ್ಷ ಮೊದಲು. ಸೆಟ್ಟಿನಿಂದ ಕತ್ತಿ, ಡಾಲು ಮಾತ್ರ ಉಳಿಸಿಕೊಂಡು ಸೀರೆಯನ್ನು ಬಿಟ್ಟುಬಿಡಿ. ಮಂಗಳದಾಸಿನಲ್ಲಿ ಇಳಕಲ್ ಮಾದರಿಯ ಅಂಚಿರುವ ಹತ್ತಿ ಬಟ್ಟೆ ಸಿಕ್ಕರೆ ಮೂರು ಮೀಟರಿನಲ್ಲಿ ಐದು ವರ್ಷದ ಮಗುವಿಗೆ ಹೊಲಿದ ಕಚ್ಚೆ ಸೀರೆ ಆಗುತ್ತದೆ. ಕೊಳ್ಳುವ ಮುಂಚೆ 'ಪನ್ನಾ' ಎಷ್ಟು ಎಂದು ಕೇಳಿ, ಅಗಲಕ್ಕೆ ಇಲ್ಲಿ ಅದೇ ಮಾತು; ಅಗಲ ಕಡಿಮೆಯಾದರೆ ಉದ್ದ ಹೆಚ್ಚು ಬೇಕು. ದರ್ಜಿಗೆ ಎರಡು ಮಾತು ಒತ್ತಿ ಹೇಳಿ: ಸೊಂಟಕ್ಕೆ ಎಲಾಸ್ಟಿಕ್, ಕಚ್ಚೆಗೆ ವೆಲ್ಕ್ರೋ. ನೆರಿಗೆಗೆ ಪಿನ್ನು ಚುಚ್ಚಿ ಕಳಿಸಿದರೆ ಶಾಲೆಯಲ್ಲಿ ಮೂತ್ರಕ್ಕೆ ಹೋಗಬೇಕಾದಾಗ ಬಿಚ್ಚಿ ಮತ್ತೆ ಉಡಿಸುವವರು ಯಾರು? ಹಣೆಗೆ ವಿಭೂತಿ ಮನೆಯದೇ ಸಾಕು. ಪರಕಾರ್ ಪೋಲಕಾ (ಲಂಗ ರವಿಕೆ) ಹೊಲಿಸುವವರು ದಾದರಿನಲ್ಲಿ ಖಣದ ಬಟ್ಟೆ ಕೇಳಿ. ಇಲ್ಲಿಯವರು ತಮ್ಮದೆಂದೇ ತಿಳಿದಿದ್ದರೂ ಅಸಲಿ ಖಣ ಗುಳೇದಗುಡ್ಡದ ಮಗ್ಗದ್ದು.

ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಚಪ್ಪಾಳೆಯ ವೇಷ ಒನಕೆ ಓಬವ್ವನದು. ಬೇಕಾದ ಮುಖ್ಯ ಸಾಮಾನು ಮಂಗಳದಾಸಿನಲ್ಲಿ ಪುಕ್ಕಟೆ ಬಿದ್ದಿರುತ್ತದೆ: ಥಾನಿನ ಬಟ್ಟೆ ಸುತ್ತಿಟ್ಟ ರಟ್ಟಿನ ಕೊಳವೆ. ಬಟ್ಟೆ ಕೊಂಡ ಅಂಗಡಿಯಲ್ಲೇ ಕೇಳಿದರೆ ಕೊಡುತ್ತಾರೆ. ಮೂರೂವರೆ ಅಡಿಯ ಮಗುವಿಗೆ ಎರಡೂವರೆ ಅಡಿಯ ಒನಕೆ ಸಾಕು, ಅದಕ್ಕಿಂತ ಉದ್ದವಾದರೆ ಎತ್ತುವಾಗ ಮೈಕಿಗೆ ಬಡಿಯುತ್ತದೆ. ಗರಗಸದ ಚಾಕುವಿನಿಂದ ಕತ್ತರಿಸಿ, ಎರಡೂ ತುದಿಗೆ ಹಳೆಯ ಪತ್ರಿಕೆ ತುರುಕಿ, ಕಂದು ಕ್ರಾಫ್ಟ್ ಕಾಗದವನ್ನು ಸುಕ್ಕುಗಟ್ಟಿಸಿ ಮೈದಾ ಅಂಟಿನಿಂದ ಸುತ್ತಿ. ಆ ಸುಕ್ಕೇ ಮರದ ಗೆರೆಯಂತೆ ಕಾಣುತ್ತದೆ. ನುಣ್ಣಗೆ ಅಂಟಿಸಿದರೆ ಪಾರ್ಸೆಲ್ಲು. ಕೆಳತುದಿಗೆ ಎರಡು ಇಂಚು ಬೆಳ್ಳಿ ಬಣ್ಣದ ಟೇಪು ಸುತ್ತಿದರೆ ಕಬ್ಬಿಣದ ಬಳೆ. ಹಿಡಿಯುವ ನಡುಭಾಗವನ್ನು ಸೆಣಬಿನ ದಾರದಿಂದ ಸುತ್ತಿ, ಇಲ್ಲವಾದರೆ ಬೆವರಿದ ಪುಟ್ಟ ಕೈಯಿಂದ ಜಾರುತ್ತದೆ. ಮಾತು ನಾಲ್ಕೇ ವಾಕ್ಯ, ಮೂವತ್ತು ಸೆಕೆಂಡು. ಶಾಲೆಯ ವೇಷ ಸ್ಪರ್ಧೆಯ ತೀರ್ಪುಗಾರರಿಗೆ ಚಿತ್ರದುರ್ಗದ ಕಿಂಡಿಯ ಕಥೆ ಗೊತ್ತಿರುವುದಿಲ್ಲ. ಮೊದಲ ಮೂರು ವಾಕ್ಯ ಶಾಲೆಯ ಭಾಷೆಯಲ್ಲಿ, ಕೊನೆಯದು ಕನ್ನಡದಲ್ಲಿ, ಒನಕೆ ಎತ್ತಿ. ಕೃಷ್ಣನ ಕಿರೀಟ, ಸೊಂಟಪಟ್ಟಿ, ಮುತ್ತಿನ ಸರಗಳಿಗೆ ಇಲ್ಲಿಂದ ಭುಲೇಶ್ವರಕ್ಕೆ ನಡೆದರೆ ಆಯ್ಕೆ ಹೆಚ್ಚು. ಕಿರೀಟ ರಟ್ಟಿನದೇ ಇರಲಿ, ಲೋಹದ್ದು ಕಿವಿಯ ಮೇಲೆ ಕೂತು ಕೆಂಪಾಗಿಸುತ್ತದೆ.

ಆರತಿ, ಪಾಯಸದ ಹುಟ್ಟುಹಬ್ಬಕ್ಕೆ ಬೇಕಾದ ಹೂ, ಬಾಳೆಲೆ, ವೀಳ್ಯದೆಲೆ ಮಾಟುಂಗದಲ್ಲಿ ಅಂದಿನದು ಅಂದೇ ಕೊಳ್ಳಬೇಕು. ಅಡುಗೆಯ ತಲೆನೋವೇ ಬೇಡವೆಂದರೆ ಸ್ಟೇಷನ್ ಪಕ್ಕದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಎಲೆಯೂಟ ಮುಗಿಸಬಹುದು. ಪಾರ್ಟಿಯ ಗದ್ದಲಕ್ಕೆ ಅದು ಜಾಗವಲ್ಲ, ನಾಲ್ಕೈದು ಮಂದಿ ಮನೆಯವರಿಗೆ ಸರಿ.

ಕ್ರಾಫರ್ಡಿನ ಕೆಲಸ ಎರಡೂವರೆಗೆ ಮುಗಿದರೆ ಎದುರಿನ ಬಾದಷಾದಲ್ಲಿ ಒಂದು ಫಲೂದಾ. 1905ರ ಅಂಗಡಿ, ಗ್ಲಾಸು ದೊಡ್ಡದು, ಮಗುವಿನ ಜೊತೆ ಹಂಚಿಕೊಂಡರೆ ಸಾಕು. ನಾಲ್ಕೂವರೆಯೊಳಗೆ ಸಿಎಸ್‌ಎಂಟಿಯಿಂದ ಹೊರಡಿ. ಗಾಡಿ ಅಲ್ಲಿಂದಲೇ ಶುರುವಾಗುವುದರಿಂದ ಸ್ಲೋ ಲೋಕಲ್‌ನಲ್ಲಿ ಸೀಟು ಸಿಗುತ್ತದೆ, ಐದೂವರೆ ದಾಟಿದರೆ ಚೀಲ ಮಡಿಲಲ್ಲಿಟ್ಟುಕೊಳ್ಳಲೂ ಜಾಗವಿರುವುದಿಲ್ಲ. ಕಾರ್ಡ್ ಶೀಟನ್ನು ರಟ್ಟಿನ ಕೊಳವೆಯೊಳಗೆ ಸುರುಳಿ ಸುತ್ತಿ ಸೇರಿಸಿದರೆ ಮಡಿಕೆ ಬೀಳುವುದಿಲ್ಲ. ಕೊಳವೆಯನ್ನು ಮೇಲಿನ ರ‍್ಯಾಕಿನಲ್ಲಿ ಮಾತ್ರ ಇಡಬೇಡಿ, ಇಳಿಯುವ ಗಡಿಬಿಡಿಯಲ್ಲಿ ಮರೆತುಹೋಗುವುದು ಅದೊಂದೇ.